ಒಂದು ತೊಟ್ಟೂ ಆಚೆ ಹೋಗಲ್ಲ

ಕಾಡಿನ ಕಾಲುದಾರಿಯಲ್ಲಿ ಬೈಕು ಓಡಿಸುವುದಕ್ಕೆ ಈಗ ಟ್ರೈಲ್ ಎನ್ನುತ್ತಾರಂತೆ. ಶನಿವಾರ ಬಂತೆಂದರೆ ಹೊರಗಿನಿಂದ ಹತ್ತಿಪ್ಪತ್ತು ಮಂದಿ ದೊಡ್ಡ ದೊಡ್ಡ ಬೈಕುಗಳಲ್ಲಿ ಬರುತ್ತಾರೆ. ಹೆಲ್ಮೆಟ್ಟಿನ ನೆತ್ತಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ನಮ್ಮ ಹಳ್ಳದಲ್ಲಿ ನೀರು ಚಿಮ್ಮಿಸುತ್ತಾರೆ, ದನ ಹೋಗುವ ದಾರಿಯನ್ನು ಉತ್ತು ಹಾಕುತ್ತಾರೆ, ಚಿಪ್ಸಿನ ಖಾಲಿ ಪೊಟ್ಟಣ ಅಲ್ಲೇ ಎಸೆದು ಹೋಗುತ್ತಾರೆ. ಒಬ್ಬ ನನ್ನ ಅಂಗಡಿ ಮುಂದೆ ನಿಂತು, "ಅಂಕಲ್, ಇಲ್ಲಿ ಒಳ್ಳೆ ಟ್ರೈಲ್ ಎಲ್ಲಿದೆ?" ಎಂದು ಕೇಳಿದ್ದ. ನಮ್ಮಕ್ಕ ಅದರಲ್ಲಿ ತಲೆ ಮೇಲೆ ಸೌದೆ ಹೊತ್ತುಕೊಂಡು ಬರ್ತಾಳೆ, ಹೋಗಿ ಅಡ್ಡ ನಿಲ್ಲು, ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಕ್ಕು ಹೋದ.

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯಲ್ಲಿ ಹೇಳುತ್ತಾರೆ, ಹಲ್ಲುಜ್ಜುವಾಗಲೂ ನಾನು ಯಾರನ್ನೋ ಬೈಯುತ್ತಿರುತ್ತೇನಂತೆ. ಸುಳ್ಳಲ್ಲ. ಹಾಗಿದ್ದೂ ನನ್ನ ಹತ್ತಿರವೂ ಅಂಥದ್ದೇ ಒಂದು ಬೈಕು ಇದೆ. ಇನ್ನೂರು ಸಿಸಿಯದು, ಚಿಕ್ಕದು, ಎತ್ತರ ಜಾಸ್ತಿ ತೂಕ ಕಡಿಮೆ, ಟಾರು ರಸ್ತೆಗೂ ಸೈ ಕಲ್ಲುದಾರಿಗೂ ಸೈ. ಯಾರೋ ಒಬ್ಬರು ನಮ್ಮ ಇಳಿಜಾರಿನಲ್ಲಿ ಬಿದ್ದು ಕಾಲು ಮುರಿದುಕೊಂಡು, ಇದರ ಮುಖ ನೋಡುವುದೇ ಬೇಡವೆಂದು ಮಾರಿ ಹೋಗಿದ್ದು. ಹ್ಯಾಂಡಲ್ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ನಾನೂ ಸರಿ ಮಾಡಲು ಹೋಗಿಲ್ಲ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ಭಾನುವಾರ ಅಂಗಡಿಗೆ ಬಾಗಿಲು ಹಾಕಿ, ಯಾರಿಗೂ ಹೇಳದೆ, ಒಬ್ಬನೇ ಅದರ ಮೇಲೆ ಬೆಟ್ಟ ಹತ್ತಿ ಇಳಿಯುತ್ತೇನೆ. ಅಷ್ಟೇ ನನ್ನ ಮೋಜು. ಆ ವರ್ಷ ಮಾತ್ರ ಮೋಜಿಗೆ ಹೋಗಲಿಲ್ಲ, ಭಾನುವಾರವೂ ಹೋಗಲಿಲ್ಲ.

ಅಂಗಡಿ ಎಂದೆನಲ್ಲ, ಸೋಮವಾರಪೇಟೆಯಲ್ಲಿ ನನ್ನದು ಪಂಪು ರಿಪೇರಿ ಅಂಗಡಿ. ಮಾರ್ಚ್ ಬಂತೆಂದರೆ ಉಗುಳು ನುಂಗಲೂ ಬಿಡುವಿಲ್ಲ. ಕಾಫಿಯ ಮೊಗ್ಗು ಅರಳಬೇಕಾದರೆ ಗಿಡದ ಮೇಲೆ ಒಂದು ಒಳ್ಳೆಯ ಮಳೆ ಬೀಳಬೇಕು. ಅದನ್ನು ಹೂಮಳೆ ಎನ್ನುತ್ತೇವೆ. ಅದು ಕೈಕೊಟ್ಟರೆ ತೋಟದವರು ಹಳ್ಳಕ್ಕೆ ಡೀಸೆಲ್ ಎಂಜಿನ್ ಇಟ್ಟು, ಪೈಪು ಎಳೆದು, ಜೆಟ್ಟಿನಲ್ಲಿ ನೀರು ಹಾರಿಸಿ ತಾವೇ ಮಳೆ ಸುರಿಸುತ್ತಾರೆ. ಆ ಎಂಜಿನ್ನುಗಳೆಲ್ಲ ವರ್ಷವಿಡೀ ಷೆಡ್ಡಿನಲ್ಲಿ ಇಲಿ ಜೊತೆ ಮಲಗಿದ್ದು, ಬೇಕಾದ ದಿನವೇ ಕೆಟ್ಟು ಕೂರುತ್ತವೆ. ಆಗ ನನ್ನ ನೆನಪಾಗುತ್ತದೆ. ಜೀಪು ಬರುತ್ತದೆ, ಹತ್ತಿಸಿಕೊಂಡು ಹೋಗುತ್ತಾರೆ, ಮಾಡಿಸಿಕೊಂಡು ತಂದು ಬಿಡುತ್ತಾರೆ. ಯಾವ ತೋಟ, ಯಾವ ಬೆಟ್ಟದ ಹಿಂದೆ ಎಂದು ಕೇಳುವಷ್ಟೂ ಹೊತ್ತಿರುವುದಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಲೇ ನಾನು ಅರ್ಧ ತಾಲೂಕು ಸುತ್ತಿದ್ದೇನೆ.

ಆ ಶನಿವಾರ ಹೀಗೆ ಯಾರದೋ ಪಂಪು ಬಿಚ್ಚಿಕೊಂಡು ಕೂತಿದ್ದಾಗ ಅಕ್ಕನ ಫೋನು ಬಂತು.

ನನ್ನ ಅಕ್ಕ ಇರುವುದು ಬೆಟ್ಟದ ಬುಡದ ಊರಿನಲ್ಲಿ. ಭಾವ ಹೋದ ಮೇಲೆ ಮನೆಯ ಹಿಂದಿನ ಜಾಗದಲ್ಲಿ ಕಾಫಿ ಸಸಿ ಮಾಡುತ್ತಾಳೆ. ಬೀಜ ಹಾಕಿ, ಮೊಳಕೆ ಬಂದದ್ದನ್ನು ಒಂದೊಂದಾಗಿ ಕಿತ್ತು, ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಊರುತ್ತಾಳೆ. ಮುಂಗಾರು ಹಿಡಿದಾಗ ತೋಟದವರು ಬಂದು ಒಯ್ಯುತ್ತಾರೆ. ಅವಳ ವರ್ಷದ ಅನ್ನ ಅದು. ಆಗ ತಾನೇ ಎಲ್ಲ ಸಸಿ ಚೀಲಕ್ಕೆ ಹಾಕಿ ಮುಗಿಸಿದ್ದಳು. ಎರಡೇ ಎರಡು ಎಲೆ ಬಿಟ್ಟ, ಬೆರಳುದ್ದದ ಗಿಡಗಳು. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೀರು ಕುಡಿಯದೆ ಇದ್ದರೆ ಉಳಿಯುವಂಥವಲ್ಲ. ನೀರು ಪಕ್ಕದ ಹಳ್ಳದ್ದು. ಹಳ್ಳದ ಬದಿಯಲ್ಲಿ ಒಂದು ಗುಂಡಿ, ಆ ಗುಂಡಿಯಿಂದ ಕೊಡದಲ್ಲಿ ಎತ್ತಿ ಹಾಕಬೇಕು.

"ಹಳ್ಳ ನಿಂತೋಯ್ತು ಕಣೋ," ಎಂದಳು ಅಕ್ಕ. "ಬೆಳಗಾನ ಎದ್ದು ನೋಡ್ತೀನಿ, ಬರೀ ಕಲ್ಲು."

"ಮೇಲೆ ಎಲ್ಲೋ ಮರ ಬಿದ್ದಿರ್ಬೇಕು. ಬರ್ತದೆ ತಗೋ."

"ಅಪ್ಪನ ಕಾಲದಲ್ಲೂ ನಿಂತಿದ್ದಿಲ್ಲವಲ್ಲೋ ಇದು!"

"ಬರ್ತದೆ ಅಂದ್ನಲ್ಲ ಅಕ್ಕ. ಸೀಸನ್ನು, ತಲೆ ಕೆರ್ಕೊಳ್ಳಕ್ಕೂ ಪುರುಸೊತ್ತಿಲ್ಲ ನಂಗೆ. ಅಲ್ಲೀತಂಕ ಗುಂಡಿ ಇನ್ನೆರಡು ಅಡಿ ಆಳ ಮಾಡ್ಸು, ಒರತೆ ಸಿಗ್ತದೆ."

"ಕಟ್ಟು ಬಿದ್ದದೆ ಕಣೋ," ಎಂದಳು ಅಕ್ಕ. "ಹಾರೆ ಮುಟ್ಟಂಗಿಲ್ಲ."

ಅದು ನನಗೆ ಮರೆತೇಹೋಗಿತ್ತು. ನಮ್ಮ ಕಡೆ ಊರ ಸುಗ್ಗಿ ಹಬ್ಬಕ್ಕೆ ಮುಂಚೆ ಡಂಗುರ ಹೊಡೆದು ಸಾರು ಹಾಕಿದರೆ, ಹಬ್ಬ ಮುಗಿಯುವವರೆಗೆ ಊರೆಲ್ಲೆಯ ಒಳಗೆ ಹಸಿರು ಕಡಿಯುವಂತಿಲ್ಲ, ನೆಲ ಅಗೆಯುವಂತಿಲ್ಲ. ಅದೇ ಕಟ್ಟು. ಬೆಟ್ಟದ ಮೇಲಿನ ಊರಿಗೂ ಕೆಳಗಿನ ಅಕ್ಕನ ಊರಿಗೂ ಸುಗ್ಗಿ ಒಂದೇ, ಕಟ್ಟೂ ಒಂದೇ. ಮುರಿದವನನ್ನು ಯಾರೂ ಹೊಡೆಯುವುದಿಲ್ಲ ಬಡಿಯುವುದಿಲ್ಲ, ಆದರೆ ಮುರಿಯುವವರೂ ಇಲ್ಲ. ನಾನೂ ಮುರಿದವನಲ್ಲ. ಹಾಗಾಗಿ ಮತ್ತೆ "ಬರ್ತದೆ" ಎಂದು ಹೇಳಿ ಫೋನು ಇಟ್ಟೆ.

ಭಾನುವಾರ ಮತ್ತೆ ಫೋನು ಬಂತು. ಎತ್ತಲಿಲ್ಲ, ಕೈಯೆಲ್ಲ ಗ್ರೀಸು. ಸೋಮವಾರ ಬೆಳಿಗ್ಗೆ ಆರಕ್ಕೇ ಬಂತು. ಈ ಸಲ ಕೇಳಿಕೊಳ್ಳುತ್ತಿರಲಿಲ್ಲ, ಬೈಯುತ್ತಿದ್ದಳು. "ಎರಡು ಮಡಿ ಬಾಡೋಯ್ತು ಕಣೋ. ನೀರಿಗೆ ಅಡ್ಡ ಹಾಕಿದವನ ಕೈ ಸೇದೋಗ! ಅವನ ಮನೆ ಒಲೇಲಿ ಬೆಕ್ಕು ಮಲಗ!" ಅಕ್ಕ ಇಂಥ ಮಾತು ಆಡುವವಳಲ್ಲ. ಯಾರಾದರೂ ಕಾಲು ತುಳಿದರೂ ತಾನೇ ಪಕ್ಕಕ್ಕೆ ಸರಿಯುವವಳು. ಅವಳ ಬಾಯಲ್ಲಿ ಆ ಶಾಪ ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಅಂಗಡಿ ಬಾಗಿಲನ್ನೂ ತೆಗೆಯದೆ ಬೈಕು ಹೊರಗೆ ಹಾಕಿದೆ.

ಎಂಟು ಗಂಟೆಗೆ ಅಕ್ಕನ ಮನೆಯ ಹಿಂದಿದ್ದೆ. ಹೊಂಗೆ ಸೊಪ್ಪಿನ ಚಪ್ಪರದ ಕೆಳಗೆ ಸಸಿಯ ಮಡಿಗಳು ಸಾಲಾಗಿದ್ದವು. ಬಿಸಿಲ ಕಡೆಯ ಎರಡು ಮಡಿ ಪೂರ್ತಿ ಮಲಗಿತ್ತು. ಎಲೆಗಳು ಕಂದಾಗಿ ಸುರುಟಿ ಹೋಗಿದ್ದವು. ಉಳಿದ ಮಡಿಗಳಿಗೆ ಅವಳು ಅಡುಗೆಮನೆಯ ನೀರು, ಅಕ್ಕಿ ತೊಳೆದ ನೀರು, ಸ್ನಾನದ ನೀರು ಎಲ್ಲ ತಂದು ಚಮಚದಲ್ಲಿ ಹಾಕಿದಂತೆ ಹಾಕುತ್ತಿದ್ದಳು. ಪಂಚಾಯಿತಿ ನಲ್ಲಿ ಮೂರು ದಿನಕ್ಕೊಮ್ಮೆ ಬರುತ್ತದೆ, ಅದೂ ನಾಲ್ಕು ಕೊಡ. ಟ್ಯಾಂಕರ್ ಇಳಿಯುವ ದಾರಿಯಲ್ಲ ಅದು.

"ಸಂಜೆ ಒಳಗೆ ಬರ್ದಿದ್ರೆ ಇವೂ ಹೋಗ್ತವೆ," ಎಂದಳು, ನನ್ನ ಮುಖ ನೋಡದೆ.

"ಯಾವನು ಅಂತ ನೋಡೇ ಬರ್ತೀನಿ."

"ಜಗಳ ಮಾಡ್ಬೇಡ."

"ಜಗಳ ಮಾಡಕ್ಕೇ ಹೋಗ್ತಿರೋದು ನಾನು!"

ಹಳ್ಳದ ಪಕ್ಕದ ದಾರಿ ಹಿಡಿದೆ. ಹಿಂದೆ ಮೇಲಿನ ಊರಿಗೂ ಕೆಳಗಿನ ಊರಿಗೂ ನಡುವೆ ಇದೊಂದೇ ದಾರಿ. ಈಗ ಬೆಟ್ಟವನ್ನು ಆಚೆಯಿಂದ ಸುತ್ತಿ ಜೀಪು ರಸ್ತೆ ಬಂದಿದೆ, ಇದರಲ್ಲಿ ದನ, ಸೌದೆಯವರು, ಶನಿವಾರದ ಬೈಕಿನವರು ಬಿಟ್ಟರೆ ಯಾರೂ ಓಡಾಡುವುದಿಲ್ಲ. ನಾನು ಕೂಡ ವರ್ಷಕ್ಕೊಮ್ಮೆ ತೋಟದ ಬೇಲಿಯವರೆಗೆ ಹೋಗಿ ತಿರುಗುವವನು, ಅದರಾಚೆ ಹತ್ತಿ ಎಷ್ಟೋ ವರ್ಷವಾಗಿತ್ತು. ಮೊದಲ ಗೇರಿನಲ್ಲಿ, ಫುಟ್‌ರೆಸ್ಟಿನ ಮೇಲೆ ನಿಂತು, ಮೊಣಕಾಲಲ್ಲಿ ಟ್ಯಾಂಕು ಒತ್ತಿಕೊಂಡು ಏರುತ್ತಾ ಹೋದೆ. ದಾರಿ ಹಳ್ಳವನ್ನು ಏಳು ಕಡೆ ದಾಟುತ್ತದೆ. ಬೇರೆ ವರ್ಷ ದಾಟುವಾಗ ನೀರು ಸೈಲೆನ್ಸರಿಗೆ ನುಗ್ಗೀತೆಂದು ಉಸಿರು ಬಿಗಿ ಹಿಡಿಯುತ್ತಿದ್ದೆ. ಆ ದಿನ ಏಳು ಕಡೆಯೂ ಚಕ್ರಕ್ಕೆ ತೇವ ಕೂಡ ಆಗಲಿಲ್ಲ. ಹಸಿರು ಪಾಚಿ ಕಲ್ಲಿಗೆ ಅಂಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಮೂರನೆಯ ದಾಟಿನಲ್ಲಿ ಒಂದು ತಗ್ಗಿನಲ್ಲಿ ಬೊಗಸೆಯಷ್ಟು ನೀರು ಉಳಿದಿತ್ತು, ಅದರ ತುಂಬ ಮೀನುಮರಿ ಬಾಯಿ ಬಿಡುತ್ತಿದ್ದವು. ದಡದಲ್ಲಿ ಎರಡು ಬಕ ಅವಸರವಿಲ್ಲದೆ ನಿಂತಿದ್ದವು. ಅವನ್ನೂ ಬೈದೆ.

ಹೆಲ್ಮೆಟ್ಟಿನೊಳಗೆ ಒಬ್ಬನೇ ಬೈಯುತ್ತಾ ಹೋಗುವುದರಲ್ಲಿ ಒಂದು ಅನುಕೂಲವಿದೆ, ಯಾರೂ ತಿರುಗಿ ಮಾತಾಡುವುದಿಲ್ಲ. ಯಾವನಿರಬಹುದು ಎಂದು ಒಬ್ಬೊಬ್ಬರನ್ನಾಗಿ ನೆನೆದು ಉಗಿದೆ. ರೆಸಾರ್ಟಿನವರಿರಬೇಕು, ಈಜುಕೊಳಕ್ಕೆ ಎಳೆದಿರಬೇಕು. ಇಲ್ಲ, ಹೊಸದಾಗಿ ತೋಟ ಕೊಂಡ ಯಾವನೋ ಇರಬೇಕು, ಹಳ್ಳದ ರೀತಿ ರಿವಾಜು ಗೊತ್ತಿಲ್ಲದವನು. ನಮ್ಮ ಹಿರಿಯರು ಗದ್ದೆಗೆ ನೀರು ಕಟ್ಟುವಾಗಲೂ ಕೆಳಗಿನವನಿಗೆ ಒಂದು ಕಲ್ಲಿನಷ್ಟು ಸಂದು ಬಿಟ್ಟೇ ಕಟ್ಟುತ್ತಿದ್ದರು. ಆ ಸಂದಿಗೂ ಮಣ್ಣು ಮೆತ್ತಿದ ಪುಣ್ಯಾತ್ಮ ಯಾರಪ್ಪ? ಸಿಕ್ಕಲಿ, ಅವನ ಗ್ರಹಚಾರ ಬಿಡಿಸುತ್ತೇನೆ ಎಂದು ಗಟ್ಟಿಯಾಗಿ ಕೂಗಿಯೇ ಹೇಳಿದೆ. ಒಂದು ಕೆಂಜಳಿಲು ಮರದಿಂದ ಮರಕ್ಕೆ ಹಾರಿತು.

ಐದನೆಯ ದಾಟು ಕಳೆದ ಮೇಲೆ ದಾರಿಗೆ ಅಡ್ಡ ಒಂದು ಮರ ಒರಗಿತ್ತು. ಬೇರು ಅರ್ಧ ಮಣ್ಣಿನಲ್ಲೇ ಇತ್ತು, ಚಿಗುರೂ ಬಿಟ್ಟಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ನನ್ನ ಬೈಕಿನ ಪಕ್ಕಕ್ಕೆ ಯಾವಾಗಲೂ ಒಂದು ಕತ್ತಿ ಕಟ್ಟಿರುತ್ತೇನೆ, ನಾಲ್ಕು ಕೊಂಬೆ ಸವರಿದರೆ ದಾರಿ ಆಗುತ್ತಿತ್ತು. ಕತ್ತಿ ಎಳೆದೆ. ಎಳೆದು ಹಾಗೇ ನಿಂತೆ. ಕಟ್ಟು. ಹಸಿರು ಮರ. ಸುತ್ತ ನರಪಿಳ್ಳೆ ಇಲ್ಲ, ಕಡಿದರೆ ಕೇಳುವವರಿಲ್ಲ, ಆದರೂ ಕೈ ಬರಲಿಲ್ಲ. ಥೂ ನನ್ನ ಹಣೆಬರಹವೇ ಎಂದು ಕತ್ತಿ ವಾಪಸ್ ಸಿಕ್ಕಿಸಿ, ಬೈಕನ್ನು ಮಗ್ಗುಲಿಗೆ ಮಲಗಿಸಿ, ನಾನು ಮಂಡಿಯೂರಿ ಮರದ ಅಡಿಯಿಂದ ಇಂಚಿಂಚು ಎಳೆದೆ. ಪೆಟ್ರೋಲು ಸೋರಿ ಷರ್ಟಿಗೆ ಹತ್ತಿತು. ಆಚೆ ಬದಿ ಎತ್ತಿ ನಿಲ್ಲಿಸುವಾಗ ಬಿಸಿ ಸೈಲೆನ್ಸರ್ ಕಾಲಿಗೆ ತಗುಲಿತು, ಬ್ರೇಕಿನ ಕಡ್ಡಿ ಬಲ ಅಂಗೈ ಸೀಳಿತು. ಕರ್ಚೀಫು ಸುತ್ತಿಕೊಂಡು, ಇದಕ್ಕೂ ಆ ನೀರು ಕಟ್ಟಿದವನೇ ಜವಾಬ್ದಾರ ಎಂದು ಅವನ ಲೆಕ್ಕಕ್ಕೇ ಹಾಕಿದೆ.

ಆಮೇಲೆ ಕಾಫಿ ತೋಟದ ಬೇಲಿ ಬಂತು. ಬೇಲಿಯಾಚೆ ಬೆಟ್ಟದ ಅರ್ಧ ಮೈ ಬೆಳ್ಳಗೆ ಹೂ ಬಿಟ್ಟಿತ್ತು. ಆ ವಾಸನೆಗೆ ಜನ ಎಲ್ಲಿಂದಲೋ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಪ್ರತಿ ವರ್ಷ ಅಲ್ಲಿ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದು ಮೂಗು ತುಂಬ ಎಳೆದುಕೊಂಡವನೇ. ಆ ದಿನ ಹೆಲ್ಮೆಟ್ ತೆಗೆಯಲಿಲ್ಲ. ಆಕಾಶದಿಂದ ಒಂದು ಹನಿ ಬಿದ್ದಿರಲಿಲ್ಲ. ಅಷ್ಟೂ ಹೂವು ಹಳ್ಳದ ನೀರಿನದ್ದು. ಇನ್ನೂ ಹೂ ಬಿಡದ ಉಳಿದರ್ಧದ ಮೇಲೆ ಜೆಟ್ಟುಗಳು ಚಟಚಟ ಸದ್ದು ಮಾಡುತ್ತಾ ತಿರುಗುತ್ತಿದ್ದವು. ಅಲ್ಲಿ ಮಣ್ಣು ಕೊಚ್ಚೆಯಾಗುವಷ್ಟು ನೀರು. ಕೆಳಗೆ ನಮ್ಮಕ್ಕ ಅಕ್ಕಿ ತೊಳೆದ ನೀರು ಹಂಚುತ್ತಿದ್ದಾಳೆ.

ಎಂಜಿನ್ನಿನ ಸದ್ದು ಕೇಳಿಸಿತು. ದೂರದಿಂದಲೇ, ಇದು ಚೆನ್ನಾಗಿ ಟ್ಯೂನ್ ಮಾಡಿದ ಎಂಜಿನ್ನು ಎಂದು ಕಿವಿ ಹೇಳಿತು. ಒಂದು ಏರಿಲ್ಲ ಒಂದು ಇಳಿವಿಲ್ಲ, ಒಂದೇ ಸಮ. ಸಿಟ್ಟಿನ ನಡುವೆಯೂ, ಪರವಾಗಿಲ್ಲ, ಯಾವನೋ ಕೆಲಸ ಗೊತ್ತಿದ್ದವನು ಮಾಡಿದ್ದಾನೆ ಎಂದುಕೊಂಡೆ. ಕೊನೆಯ ತಿರುವು ದಾಟಿ ಹಳ್ಳದ ಮಡುವಿನ ಹತ್ತಿರ ಬಂದೆ. ಬಂಡೆಯ ಬಾಯಿಗೆ ಅಡ್ಡಲಾಗಿ ಮರಳಿನ ಚೀಲ ಪೇರಿಸಿ, ಸಂದಿಗೆ ನೀಲಿ ಟಾರ್ಪಾಲು ತುರುಕಿದ್ದರು. ಚೀಲದ ಈಚೆಗೆ, ನಾನು ನಿಂತ ಕಡೆ, ಒಣ ಕಲ್ಲು. ಆಚೆಗೆ ತುಂಬಿದ ಮಡು, ಅದರ ನಡುಮಧ್ಯದ ಆಳಕ್ಕೆ ಇಳಿಬಿಟ್ಟ ಕಪ್ಪು ಪೈಪು. ಪೈಪಿನ ಜೋಡಣೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಎರಡು ಕಡೆ ತಂತಿ ಕಟ್ಟಿತ್ತು.

ಹಾಗೆ ಸೈಕಲ್ ಟ್ಯೂಬು ಸುತ್ತಿ ತಂತಿಯನ್ನು ಎಡಕ್ಕೆ ಮಡಚುವವನು ಈ ತಾಲೂಕಿನಲ್ಲಿ ಒಬ್ಬನೇ. ನಾನು.

ಬೈಕು ಸ್ಟ್ಯಾಂಡಿಗೆ ಹಾಕುವುದನ್ನೂ ಮರೆತೆ. ಅದು ಪಕ್ಕಕ್ಕೆ ಬಿತ್ತು.

ಹಿಂದಿನ ಗುರುವಾರ ಒಂದು ಜೀಪು ಬಂದು ನನ್ನನ್ನು ಕರೆದೊಯ್ದಿತ್ತು. ಮಧ್ಯಾಹ್ನವಾದರೆ ಮಡು ಇಳಿದು ಎಂಜಿನ್ನು ಗಾಳಿ ಎಳೆಯುತ್ತದೆ, ಏನಾದರೂ ಮಾಡಿ ಎಂದಿದ್ದರು. ಬೆಟ್ಟದ ಆಚೆ ಕಡೆಯಿಂದ, ಜೀಪು ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ತೂಕಡಿಸುತ್ತಾ ಹೋಗಿದ್ದೆ. ಪೈಪಿಗೆ ಇನ್ನೊಂದು ತುಂಡು ಸೇರಿಸಿ, ನೀರೆಳೆಯುವ ಫುಟ್‌ವಾಲ್ವನ್ನು ಮಡುವಿನ ತಳಕ್ಕೇ ಇಳಿಸಿದೆ. ನೀರು ತುಳುಕಿ ಹೋಗುತ್ತಿದ್ದ ಬಂಡೆಯ ಬಾಯಿ ತೋರಿಸಿ, ಇಲ್ಲಿ ಮರಳು ಚೀಲ ಇಡಿ, ಸಂದಿಗೆ ಟಾರ್ಪಾಲು ತುಂಬಿ ಎಂದೆ. ಆ ನೀರು ತುಳುಕಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿಲ್ಲ. ಇಣುಕಿಯೂ ನೋಡಲಿಲ್ಲ. ಬಂಡೆಯ ಆಚೆ ಬಗ್ಗಿ ನೋಡಿದ್ದರೆ ಸಾಕಿತ್ತು, ನಾನು ಹುಟ್ಟಿದಾಗಿನಿಂದ ಕಂಡ ದಾರಿ ಅಲ್ಲೇ ಇತ್ತು.

ತೋಟದ ರೈಟರು ಎಂಜಿನ್ನಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದವನು ಎದ್ದು ಬಂದ. ಆಳುಗಳ ಹಾಜರಿ, ಕೆಲಸ ಎಲ್ಲ ನೋಡಿಕೊಳ್ಳುವವನು. ಮೂವತ್ತೈದರ ಆಸುಪಾಸು, ಗುರುವಾರ ನನಗೆ ಚಹಾ ತಂದುಕೊಟ್ಟವನೇ.

"ಅಯ್ಯೋ ಅಣ್ಣಾ, ಈ ದಾರೀಲಿ ಬಂದ್ರಾ! ಫೋನ್ ಮಾಡಿದ್ರೆ ಜೀಪ್ ಕಳಿಸ್ತಿದ್ದೆನಲ್ಲ. ಚೆಕ್ ಮಾಡಕ್ಕೆ ಬಂದ್ರಾ? ಸೂಪರ್ ಓಡ್ತಾ ಉಂಟು ಅಣ್ಣ. ಗುರುವಾರದಿಂದ ಒಂದ್ಸಲನೂ ಗಾಳಿ ಹಿಡೀಲಿಲ್ಲ."

"ನಿಲ್ಸಿ ಅದನ್ನ," ಎಂದೆ.

"ಏನಣ್ಣ?"

"ಎಂಜಿನ್ ನಿಲ್ಸಿ ಅಂದೆ! ಕೆಳಗಡೆ ಊರಿದೆ ಅಂತ ಗೊತ್ತಿಲ್ವೇನ್ರೀ ನಿಮಗೆ? ಜನ ಇದಾರೆ ಅಂತ ಗೊತ್ತಿಲ್ವಾ? ಹಳ್ಳ ಬತ್ತಿ ಮೂರು ದಿನ ಆಯ್ತು! ಮನುಷ್ಯರೇನ್ರೀ ನೀವು?"

ಅವನು ಹೆದರಿದ. ಆದರೂ ಎಂಜಿನ್ ನಿಲ್ಲಿಸಲಿಲ್ಲ. "ಅಣ್ಣ, ತೋಟದ ಈ ಬ್ಲಾಕಲ್ಲಿ ಅರ್ಧ ನೆನೆದಿದೆ. ಈಗ ನಿಲ್ಸಿದ್ರೆ ಮೊಗ್ಗು ಅರ್ಧಂಬರ್ಧ ಬಿರೀತದೆ, ಕಾಯಿ ಕಟ್ಟಲ್ಲ. ನಿಮಗೇ ಗೊತ್ತಲ್ಲ. ಸಾವ್ಕಾರ್ರು ನನ್ನ ಚರ್ಮ ಸುಲೀತಾರೆ."

"ನಿಮ್ಮ ಸಾವ್ಕಾರ್ರಿಗೆ ಸುಗ್ಗಿ ಕಟ್ಟು ಗೊತ್ತಿಲ್ವಾ?"

"ಸಾರು ಹಾಕ್ಸಿದ್ದೇ ಅವ್ರಲ್ವಾ ಅಣ್ಣ! ತುಂಬ ಭಕ್ತಿ. ಒಂದು ಸೊಪ್ಪು ಕೀಳಕ್ಕೆ ಬಿಡಲ್ಲ. ಅಲ್ನೋಡಿ, ಪೈಪಿಗೆ ಕೊಂಬೆ ಅಡ್ಡ ಬಂದಿದ್ದಕ್ಕೆ ಪೈಪನ್ನೇ ಸುತ್ತು ಹಾಕ್ಸಿದೀವಿ, ಕೊಂಬೆ ಮುಟ್ಟಿಲ್ಲ."

ನೋಡಿದೆ. ನಿಜವಾಗಿಯೂ ಪೈಪು ಒಂದು ಹಸಿರು ಕೊಂಬೆಯನ್ನು ಬಳಸಿ ಭಯಭಕ್ತಿಯಿಂದ ಬಾಗಿ ಹೋಗಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಕೊಂಬೆಗೆ ಕೈ ಮುಗಿದು ಹಳ್ಳದ ಕತ್ತು ಹಿಸುಕುವ ಜಾತಿಯಪ್ಪ ನಿಮ್ಮದು ಎಂದೆ. ಹಸಿ ಎಲೆ ಕಿತ್ತರೆ ದೇವರಿಗೆ ಸಿಟ್ಟು ಬರುತ್ತದೆ, ಎರಡು ಮಡಿ ಸಸಿ ಒಣಗಿ ಸತ್ತರೆ ಬರುವುದಿಲ್ಲವೇನ್ರೀ ಎಂದು ಕೇಳಿದೆ. ಇನ್ನೂ ಏನೇನೋ ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಸಾಹುಕಾರನನ್ನೂ, ಸಾಹುಕಾರನ ಭಕ್ತಿಯನ್ನೂ, ಈ ರೈಟರನ್ನೂ ಹರಾಜು ಹಾಕಿದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, ಎದುರು ಮಾತಾಡುವ ಧಾಟಿಯಲ್ಲಲ್ಲ, ನಿಜಕ್ಕೂ ಗೊತ್ತಾಗದವನ ಹಾಗೆ ಕೇಳಿದ:

"ಮೊನ್ನೆ ನೀವೇ ಹೇಳಿದ್ರಲ್ಲ ಅಣ್ಣ, ಇನ್ನು ಒಂದು ತೊಟ್ಟೂ ಆಚೆ ಹೋಗಲ್ಲ ಅಂತ. ನಗಾಡ್ಕೊಂಡು ಹೇಳಿದ್ರಿ."

ಹೇಳಿದ್ದೆ. ಚಹಾ ಕುಡಿಯುತ್ತಾ, ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡು ಹೇಳಿದ್ದೆ. ಸುಗ್ಗಿ ಕಟ್ಟು ಬಿದ್ದಿದ್ದಾಗಲೇ ಹೇಳಿದ್ದೆ. ಹಸಿರು ಕಡಿದಿರಲಿಲ್ಲ, ನೆಲ ಅಗೆದಿರಲಿಲ್ಲ, ಹಾಗಾಗಿ ಕಟ್ಟಿನ ನೆನಪೂ ಆಗಿರಲಿಲ್ಲ, ಮನಸ್ಸಿಗೆ ಏನೂ ಚುಚ್ಚಿರಲಿಲ್ಲ.

ಎಂಜಿನ್ ನಾನೇ ನಿಲ್ಲಿಸಿದೆ. ಪ್ಯಾಂಟು ಮಡಚದೆ ಮಡುವಿಗೆ ಇಳಿದೆ, ಎದೆಯವರೆಗೆ ಬಂತು. ನೀರು ಮಂಜಿನಷ್ಟು ತಣ್ಣಗಿತ್ತು. ಸೀಳಿದ ಅಂಗೈಯಲ್ಲಿ ನನ್ನದೇ ತಂತಿಯನ್ನು ಬಿಚ್ಚಿದೆ. ಎಷ್ಟು ಬಿಗಿಯಾಗಿ ಕಟ್ಟಿದ್ದೆನೆಂದರೆ ಇಕ್ಕಳಕ್ಕೂ ಜಗ್ಗಲಿಲ್ಲ, ಅರ್ಧ ಗಂಟೆ ಹಿಡಿಯಿತು. ಸೇರಿಸಿದ್ದ ಪೈಪಿನ ತುಂಡು ಕಿತ್ತು, ಫುಟ್‌ವಾಲ್ವನ್ನು ಎರಡು ಮೊಳ ಮೇಲಕ್ಕೆತ್ತಿ ಕಟ್ಟಿದೆ. ಇನ್ನು ಮಡು ತುಂಬಿ ತುಳುಕುತ್ತಿದ್ದರೆ ಮಾತ್ರ ಎಂಜಿನ್ನಿಗೆ ನೀರು. ತುಳುಕು ನಿಂತರೆ ಗಾಳಿ ಎಳೆದು ತಾನೇ ನಿಲ್ಲುತ್ತದೆ. ಆಮೇಲೆ ಮರಳಿನ ಚೀಲಗಳನ್ನು ಒಂದೊಂದಾಗಿ ಎತ್ತಿ ಬದಿಗೆ ಎಸೆದೆ. ರೈಟರು ಮೊದಲು ನೋಡುತ್ತಾ ನಿಂತಿದ್ದವನು, ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ತಾನೂ ಇಳಿದು ಕೈಹಾಕಿದ.

"ಬ್ಲಾಕ್ ಮುಗಿಯಕ್ಕೆ ನಾಲ್ಕು ದಿನ ಬೇಕಿತ್ತು. ಹಿಂಗಾದ್ರೆ ಎಂಟು ದಿನ ಆಗ್ತದೆ ಅಣ್ಣ," ಎಂದ.

"ಆಗ್ಲಿ."

"ಸಾವ್ಕಾರ್ರು ಕೇಳಿದ್ರೆ?"

"ನನ್ನ ಹೆಸರು ಹೇಳಿ. ನಾನೇ ಮಾಡಿದ್ದು, ನಾನೇ ಕಿತ್ತೆ ಅಂತ ಹೇಳಿ. ಮತ್ತೆ ಯಾವನಾದ್ರೂ ಇಳಿಸಿ ಕಟ್ಟಿದ್ರೆ ನಾಳೆ ಇದೇ ದಾರೀಲಿ ಬರ್ತೀನಿ, ನಾಡಿದ್ದೂ ಬರ್ತೀನಿ. ಕೆಲಸ ಇಲ್ಲ ನಂಗೆ ಬೇರೆ."

ಟಾರ್ಪಾಲು ಎಳೆದಾಗ ನೀರು ಬಂಡೆಯ ಬಾಯಿಂದ ನುಗ್ಗಿತು. ನುಗ್ಗಿ, ಕೆಳಗಿನ ಒಣ ಕಲ್ಲುಗಳ ನಡುವೆ ಹೋಗಿ ಇಂಗಿತು. ಮತ್ತಷ್ಟು ಹೋಯಿತು, ಮತ್ತಷ್ಟು ಇಂಗಿತು. ಕಿತ್ತ ಪೈಪಿನ ತುಂಡನ್ನು ಅಲ್ಲಿ ಬಿಡಲು ಮನಸ್ಸಾಗಲಿಲ್ಲ. ಬೈಕಿನ ಹಿಂದೆ ಕಟ್ಟಿಕೊಂಡು ಇಳಿಯತೊಡಗಿದೆ.

ನೀರಿನ ಮುಂತುದಿ ಮನುಷ್ಯನ ನಡಿಗೆಗಿಂತ ನಿಧಾನ ಬರುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ತರಗೆಲೆಗಳನ್ನು ಮುಂದೆ ತಳ್ಳಿಕೊಂಡು, ಪ್ರತಿ ತಗ್ಗಿನಲ್ಲೂ ನಿಂತು, ಅದು ತುಂಬುವವರೆಗೆ ಕಾದು, ಆಮೇಲೆ ಮುಂದಿನ ತಗ್ಗಿಗೆ. ನಾನು ಒಂದು ತಿರುವು ಇಳಿದು ಎಂಜಿನ್ ಆರಿಸಿ ಕಾಯುವುದು, ಅದು ಬಂದ ಮೇಲೆ ಇನ್ನೊಂದು ತಿರುವು. ನೀರಿಗಿಂತ ಮುಂಚೆ ಅಕ್ಕನ ಕಣ್ಣಿಗೆ ಬೀಳಬಾರದೆಂದು ನನಗೆ ಹಠ. ಖಾಲಿ ಕೈಯಲ್ಲಿ ಹೋಗಿ ಮತ್ತೊಮ್ಮೆ "ಬರ್ತದೆ" ಎನ್ನುವ ಮುಖ ನನಗಿರಲಿಲ್ಲ. ಮರದ ಅಡಿ ಬೈಕು ಮತ್ತೆ ಎಳೆದೆ. ಮೂರನೆಯ ದಾಟಿನ ತಗ್ಗಿನಲ್ಲಿ ಬಕಗಳು ಇರಲಿಲ್ಲ, ಮೀನುಮರಿಯೂ ಇರಲಿಲ್ಲ. ಬಿಸಿಲು ಇಳಿಯುತ್ತಿತ್ತು. "ಬಾರೇ ತಾಯಿ, ಬಾ ಬೇಗ, ಎಷ್ಟು ಹೊತ್ತು ಮಾಡ್ತೀಯ," ಎಂದು ಹಳ್ಳವನ್ನೂ ಬೈದೆ.

ಸಂಜೆ ಐದರ ಹೊತ್ತಿಗೆ ನೀರೂ ನಾನೂ ಒಟ್ಟಿಗೇ ಅಕ್ಕನ ಗುಂಡಿಯ ಹತ್ತಿರ ಬಂದೆವು. ಕೆಂಪಗೆ, ಕಸಕಡ್ಡಿ ತುಂಬಿಕೊಂಡು ಬಂತು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಆಮೇಲೆ ನನ್ನ ಕಡೆ ನೋಡಿದಳು, ಕರ್ಚೀಫಿನಲ್ಲಿ ಒಣಗಿದ ರಕ್ತ ನೋಡಿದಳು.

"ಅಯ್ಯೋ, ಏನೋ ಇದು ಕೈ! ಬಾ ಇಲ್ಲಿ."

ಹೊಸ ನೀರನ್ನೇ ಚೆಂಬಿನಲ್ಲಿ ತುಂಬಿ, ಸೋಪು ಕೊಟ್ಟು, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ ನನ್ನ ಮಣಿಕಟ್ಟು ಹಿಡಿದು ನೀರು ಹಾಕತೊಡಗಿದಳು. "ಯಾರಂತೆ? ಸಿಕ್ಕಿದ್ನಾ ಆ ಮನೆಹಾಳ?"

ನಾನು ಸೋಪು ಉಜ್ಜುತ್ತಿದ್ದೆ.

"ಹೊಡೆದಾಡ್ಕೊಂಡು ಬಂದ್ಯಾ? ಹೇಳೋ. ಆ ಪೈಪ್ ಯಾರದ್ದು ತಂದಿದೀಯ?"

"ನಂದೇ ಅಕ್ಕ," ಎಂದೆ. "ಗುರುವಾರ ನಾನೇ ಹೋಗಿ ಹಾಕಿ ಬಂದಿದ್ದು. ಚೀಲ ಇಡಿ ಅಂತ ಹೇಳಿದ್ದೂ ನಾನೇ. ಜೀಪಲ್ಲಿ ಹೋಗಿದ್ದೆ, ನಮ್ಮ ಹಳ್ಳ ಅಂತ ಗೊತ್ತಾಗ್ಲಿಲ್ಲ. ಬೇರೆ ಯಾರೂ ಇಲ್ಲ."

ನೀರು ನಿಂತಿತು. ನನ್ನ ಮಣಿಕಟ್ಟಿನ ಮೇಲಿದ್ದ ಅವಳ ಕೈ ಸಡಿಲವಾಯಿತು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಸಾಕು ಎಂದು ಕಾದೆ. ಅವಳು ಚೆಂಬನ್ನು ಕಲ್ಲಿನ ಮೇಲಿಟ್ಟು, ಕೊಡ ತೆಗೆದುಕೊಂಡು ಗುಂಡಿಗೆ ಹೋಗಿ ತುಂಬಿಸಿದಳು. ಸೊಂಟಕ್ಕೆ ಏರಿಸಿಕೊಂಡು ಚಪ್ಪರದ ಒಳಗೆ ಹೋಗಿ, ಬದುಕಿದ್ದ ಸಸಿಗಳನ್ನೆಲ್ಲ ದಾಟಿ, ಬಿಸಿಲ ಕಡೆಯ ಆ ಎರಡು ಮಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬೊಗಸೆ ಬೊಗಸೆಯಾಗಿ ಹಾಕತೊಡಗಿದಳು.

"ಅಕ್ಕ, ಅವು ಸತ್ತೋಗಿವೆ! ಈ ಕಡೆಯವಕ್ಕೆ ಹಾಕು ಮೊದ್ಲು!" ಎಂದು ನಾನು ಕೂಗಿದೆ. ಆಗಲೂ ನನ್ನ ದನಿಯಲ್ಲಿದ್ದದ್ದು ಸಿಟ್ಟೇ.

ಅವಳು ತಿರುಗಿ ನೋಡಲಿಲ್ಲ. ಒಂದೂ ಚೀಲ ಬಿಡದೆ ಹಾಕುತ್ತಾ ಹೋದಳು.

"ಬರ್ತದೆ ಬರ್ತದೆ ಅಂತ ಮೂರು ದಿನದಿಂದ ಇವಕ್ಕೆ ಹೇಳ್ತಾ ಇದ್ದೆ ಕಣೋ," ಎಂದಳು. "ನೀನು ಹೇಳಿದ್ಯಲ್ಲ."

ನಾನು ಸೋಪಿನ ಕೈಯಲ್ಲೇ ನಿಂತಿದ್ದೆ.